ಟೇಪು ಹೋಯ್ತು, ದನಿ ಉಳೀತು

ಇವತ್ತು ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ಟೀವಿ ಸರಣಿ ‘ಡಾಕ್ಟರ್ ಹೂ’ದ ಹಳೇ ಕಥೆಯೊಂದನ್ನ ನೋಡಿದೆ. ‘ದಿ ಪವರ್ ಆಫ್ ದಿ ಡಾಲೆಕ್ಸ್’, 1966ರದ್ದು. ಚಿತ್ರ 2016ರ ಅನಿಮೇಷನ್, ದನಿ ಮಾತ್ರ ಆಗಿನದೇ.

ಆಗೆಲ್ಲ ಬಿಬಿಸಿಯವರು ಟೇಪುಗಳನ್ನ ಅಳಿಸಿ ಮತ್ತೆ ಬಳಸ್ತಿದ್ದರು. ಈ ಕಥೆಯ ಆರು ಕಂತುಗಳಲ್ಲಿ ಒಂದೂ ಪೂರ್ತಿ ಉಳಿದಿಲ್ಲ. ನಟ ಪ್ಯಾಟ್ರಿಕ್ ಟ್ರೌಟನ್ ಸರಣಿಯ ನಾಯಕ ‘ಡಾಕ್ಟರ್’ ಆಗಿ ಬಂದ ಮೊದಲ ಪೂರ್ತಿ ಕಥೆಯೇ ಇದು, ನೋಡಿ!

ದನಿ ಉಳಿಸಿದ್ದು ಅಭಿಮಾನಿಗಳು. ಪ್ರಸಾರ ಆಗ್ತಿದ್ದಾಗಲೇ ಮನೆಯ ಟೇಪ್ ರೆಕಾರ್ಡರ್‌ನಲ್ಲಿ ಹಿಡಿದಿಟ್ಟುಕೊಂಡರು. ಕೆಲವರು ಟೀವಿ ಸ್ಪೀಕರ್ ಮುಂದೆ ಮೈಕ್ ಇಟ್ಟು. ಕಂತು ಮುಗಿಯೋವರೆಗೂ ಯಾರೂ ಕೆಮ್ಮಬಾರದು, ಬಾಗಿಲು ಬಡಿಯಬಾರದು. ಮನೆಯವರನ್ನೆಲ್ಲ ಹೇಗೆ ಸುಮ್ಮನಿರಿಸಿದರೋ ಪುಣ್ಯಾತ್ಮರು!

ಮುಂದೆ ಇದು ಯಾರಿಗಾದರೂ ಬೇಕಾಗತ್ತೆ ಅಂತ ಅವರು ಮಾಡಿದ್ದಲ್ಲ ಅನ್ಸತ್ತೆ. ಇನ್ನೊಂದು ಸಲ ಕೇಳಬೇಕು, ಅಷ್ಟೇ ಆಸೆ.

ಇಂಥವರಿಂದಾಗಿ ಈ ಸರಣಿಯಲ್ಲಿ ಕಳೆದುಹೋದ ಎಲ್ಲಾ ಕಂತುಗಳ ದನಿಯೂ ಇವತ್ತು ನಮ್ಮ ಹತ್ರ ಇದೆ. ಒಂದನ್ನೂ ಬಿಟ್ಟಿಲ್ಲ! ನೆನೆಸಿಕೊಂಡರೆ ಮನಸ್ಸು ತುಂಬಿ ಬರತ್ತೆ.

2005ರಲ್ಲಿ ಸರಣಿ ಮತ್ತೆ ಶುರುವಾದ ಮೇಲಿನದ್ದು ಮಾತ್ರ ನೋಡಿರೋ ಗೆಳೆಯರೇ, ಇದನ್ನೂ ನೋಡಿ. ಹೆಡ್‌ಫೋನ್ ಹಾಕ್ಕೊಂಡೇ ನೋಡಿ.