ಮೈಸೂರು ಸಿಲ್ಕ್ ಉಟ್ಟು ಮಂಡ್ಯದ ರೈಲು ಹತ್ತಿದ್ದು

ಸೀರೆ ಉಡಲು ಕಲಿಯುವವರು ಕಾಟನ್ನಿಂದ ಶುರು ಮಾಡಬೇಕಂತೆ. ಗಂಜಿ ಹಾಕಿದ ಸೀರೆ ಹೇಳಿದ ಹಾಗೆ ಕೇಳುತ್ತೆ, ಮೈಸೂರು ಸಿಲ್ಕ್ ಜಾರುತ್ತೆ ಅಂತ ಅಮ್ಮನ ವಾದ. ಇಲ್ಲಿವರೆಗೆ ನನ್ನದು ಬರೀ ಚೂಡಿದಾರ್, ಜೀನ್ಸ್. ಆದರೆ ಮಂಡ್ಯದಲ್ಲಿ ಅಣ್ಣನ ಬೀಗರೂಟಕ್ಕೆ ನನಗೆ ಬೇಕಿದ್ದದ್ದು ದೊಡ್ಡಮ್ಮನ ಗಿಣಿಹಸಿರು ಸೀರೆಯೇ. ಮೈತುಂಬ ಒಂದೂ ಹೂವಿಲ್ಲ, ಬುಟ್ಟಾ ಇಲ್ಲ. ಜರಿ ಅಂಚು, ಅಷ್ಟೇ.

ದೊಡ್ಡಪ್ಪ ಮಾನಂದವಾಡಿ ರಸ್ತೆಯ ರೇಷ್ಮೆ ನೇಯ್ಗೆ ಕಾರ್ಖಾನೆಯಲ್ಲಿ ಇದ್ದವರು. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ ಅದು. 1980ರಿಂದ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಹಾಗಾಗಿ ಅವರ ಮನೆಯಲ್ಲಿ ಸೀರೆ ಅಂದರೆ ಪಾಠ ಇದ್ದೇ ಇರುತ್ತೆ. ಇದು ಯಾಕೆ ಇಷ್ಟು ಜಾರುತ್ತೆ ಅಂದೆ. ಕ್ರೇಪ್ ಅಲ್ವಾ, ನೂಲಿಗೇ ಬಿಗಿಯಾಗಿ ಹುರಿ ಕೊಟ್ಟಿರುತ್ತಾರೆ ಅಂದರು. ಕೆಲವು ಎಳೆಗೆ ಎಡಕ್ಕೆ, ಕೆಲವಕ್ಕೆ ಬಲಕ್ಕೆ. ನೇಯ್ದ ಮೇಲೆ ಸೋಪಿನ ನೀರಿನಲ್ಲಿ ಕುದಿಸಿದರೆ ರೇಷ್ಮೆಯ ಅಂಟು ಬಿಡುತ್ತೆ, ಹುರಿ ಎಳೆದುಕೊಳ್ಳುತ್ತೆ, ಬಟ್ಟೆ ಮೆತ್ತಗಾಗುತ್ತೆ. ಜಾರುವುದಕ್ಕೂ ಮೈಗೆ ಅಂದವಾಗಿ ಕೂರುವುದಕ್ಕೂ ಕಾರಣ ಒಂದೇ ಅನ್ನಿ.

ಉಡಿಸುವಾಗ ದೊಡ್ಡಮ್ಮ ಹೇಳಿದ್ದು ಕಮ್ಮಿ, ಗದರಿದ್ದು ಜಾಸ್ತಿ. "ಲಾಡಿ ಬಿಗೀ ಕಟ್ಟೇ, ಊಟಕ್ಕೆ ಜಾಗ ಇಟ್ಕೋಬೇಡ. ಚಪ್ಪಲಿ ಹಾಕ್ಕೊಂಡು ಬಾ ಮೊದ್ಲು." ಚಪ್ಪಲಿ ಯಾಕೆ ಅಂದರೆ ಉದ್ದ ಅಳೆಯುವುದು ಅದರ ಮೇಲೆ. ಸೆರಗನ್ನು ಮೊದಲೇ ಹೆಗಲಿಗೆ ಪಿನ್ ಮಾಡಿ, ಉಳಿದದ್ದರಲ್ಲಿ ನೆರಿಗೆ ಹಿಡಿದರು. ನೆರಿಗೆಗೆ ಸಾಲುಸಾಲಾಗಿ ಪಿನ್ ಚುಚ್ಚಲು ಹೋದ ನನ್ನ ಕೈಗೆ ಒಂದು ಏಟು ಬಿತ್ತು. ಸೀರೆ ಎಳೆದಾಗ ಪಿನ್ನಿನ ಜಾಗವೇ ಮೊದಲು ಹರಿಯುವುದಂತೆ. ಹೆಗಲಿಗೊಂದು, ಸೊಂಟಕ್ಕೊಂದು, ಮುಗೀತು.

ನಿಂತಾಗ ಎಲ್ಲಾ ಚಂದ. ಮೈಸೂರು ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ರೈಲಿನ ಮೆಟ್ಟಿಲು ಹತ್ತುವಾಗ ಗೊತ್ತಾಯಿತು, ಸೀರೆ ಉಟ್ಟವರ ಕೈ ಒಂದು ಯಾವಾಗಲೂ ನೆರಿಗೆಗೆ ಮೀಸಲು ಅಂತ. ಈ ಹೆಂಗಸರು ಇನ್ನೊಂದು ಕೈಯಲ್ಲಿ ಮಗು, ಬ್ಯಾಗು, ಟಿಕೆಟ್ಟು ಎಲ್ಲ ಹೇಗೆ ಹಿಡಿಯುತ್ತಾರೋ! ಶ್ರೀರಂಗಪಟ್ಟಣ ದಾಟುವವರೆಗೆ ಕಿಟಕಿ ಕಡೆ ನೋಡಲೇ ಇಲ್ಲ, ಬರೀ ನೆರಿಗೆ ನೋಡಿಕೊಂಡಿದ್ದೆ. ಪಾಂಡವಪುರದಲ್ಲಿ ಹತ್ತಿದ ಅಜ್ಜಿಯೊಬ್ಬರು ಪಕ್ಕ ಕೂತು, ಕೇಳದೇ ನನ್ನ ಸೆರಗು ಹಿಡಿದು ಜರಿ ಉಜ್ಜಿ ನೋಡಿದರು. "ಹಳೇದು ಕಣವ್ವ, ಮಡಗ್ಕೋ" ಅಂದರು. ಈಗಿನ ನಿಗಮದ ಜರಿಯಲ್ಲೂ ಶೇಕಡಾ 65 ಬೆಳ್ಳಿ, 0.65 ಚಿನ್ನ ಇರುತ್ತೆ ಅನ್ನೋಣ ಅನ್ನಿಸಿತು. ಅವರ ಬೆರಳಿನ ಮುಂದೆ ನನ್ನ ಲೆಕ್ಕ ಯಾಕೆ ಅಂತ ಸುಮ್ನಾದೆ.

ಬೀಗರೂಟ ಅಂದ ಮೇಲೆ ಮುದ್ದೆ, ಮಟನ್ ಸಾರು. ರೇಷ್ಮೆ ಉಟ್ಟು ಅದಕ್ಕೆ ಕೂರುವುದು ಧೈರ್ಯದ ಕೆಲಸ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಡಿಲಿಗೆ ಚಿಕ್ಕಪ್ಪನ ಟವೆಲ್ ಹಾಸಿಕೊಂಡು ಉಂಡೆ. ಲಾಡಿ ವಿಷಯದಲ್ಲಿ ಮಾತ್ರ ದೊಡ್ಡಮ್ಮನ ಮಾತು ಕೇಳಬಾರದಿತ್ತು.

ಮನೆಗೆ ಬಂದು ನೆರಳಲ್ಲಿ ಹರವಿ, ಹಳೇ ಮಡಿಕೆ ಬಿಟ್ಟು ಬೇರೆ ಕಡೆ ಮಡಚಿ, ಅಪ್ಪನ ಹತ್ತಿ ಪಂಚೆಯಲ್ಲಿ ಸುತ್ತಿಟ್ಟಿದ್ದೇನೆ. ವಾಪಸ್ ಕೊಡುವ ಮಾತು ನಾನಾಗಿ ಎತ್ತಿಲ್ಲ. ದೊಡ್ಡಮ್ಮನೂ ಕೇಳಿಲ್ಲ.