ಯಾವುದನ್ನು ಅಜ್ಞಾತವೆಂದು ಹಿಡಿಯಬೇಕು: ಸೇತುವೆ ಮಂಡಲದ ಒಂದು ಲೆಕ್ಕ

ದ್ವಿತೀಯ ಪಿಯುಸಿ ಭೌತಶಾಸ್ತ್ರ ಓದುವವರಿಗೆ ವಿದ್ಯುತ್ ಮಂಡಲಗಳ ಕಿರ್ಚಾಫ್ ನಿಯಮಗಳು ಬಾಯಿಪಾಠವಾಗಿರುತ್ತವೆ. ತಂತಿಗಳು ಕೂಡುವ ಸಂಧಿಯೊಂದಕ್ಕೆ ಹರಿದುಬರುವ ಪ್ರವಾಹಗಳ ಮೊತ್ತವು ಅಲ್ಲಿಂದ ಹೊರಹೋಗುವ ಪ್ರವಾಹಗಳ ಮೊತ್ತಕ್ಕೆ ಸಮ ಎಂಬುದು ಮೊದಲನೆಯದು. ಮುಚ್ಚಿದ ಲೂಪ್ ಒಂದನ್ನು ಸುತ್ತಿ ಹೊರಟಲ್ಲಿಗೇ ಮರಳಿದಾಗ ವಿಭವದ (ವೋಲ್ಟೇಜಿನ) ಏರಿಳಿತಗಳ ಬೀಜಗಣಿತೀಯ ಮೊತ್ತ ಸೊನ್ನೆ ಎಂಬುದು ಎರಡನೆಯದು. ಇಷ್ಟು ಗೊತ್ತಿದ್ದರೂ, ಐದು ರೋಧಕಗಳಿರುವ ಮಂಡಲವೊಂದನ್ನು ಮುಂದಿಟ್ಟರೆ ಅನೇಕರು ಎರಡು ಪುಟ ಸಮೀಕರಣಗಳನ್ನು ಬರೆದು ಅರ್ಧದಲ್ಲೇ ಕೈಬಿಡುತ್ತಾರೆ. ಯಾವುದನ್ನು ಅಜ್ಞಾತವೆಂದು ಹಿಡಿಯಬೇಕೆಂದು ಯೋಚಿಸದೆ ನೇರವಾಗಿ ಲೆಕ್ಕಕ್ಕೆ ಇಳಿಯುವುದೇ ಇದಕ್ಕೆ ಕಾರಣವೆಂದು ನನಗನ್ನಿಸುತ್ತದೆ.

ಒಂದು ನಿರ್ದಿಷ್ಟ ಮಂಡಲವನ್ನೇ ತೆಗೆದುಕೊಳ್ಳೋಣ. ಕ, ಖ, ಗ, ಘ ಎಂಬ ನಾಲ್ಕು ಸಂಧಿಗಳಿವೆ. 12 ವೋಲ್ಟ್‌ನ ಬ್ಯಾಟರಿಯ ಧನ ತುದಿಯನ್ನು ಕ ಸಂಧಿಗೂ ಋಣ ತುದಿಯನ್ನು ಘ ಸಂಧಿಗೂ ಜೋಡಿಸಲಾಗಿದೆ. ಬ್ಯಾಟರಿಯ ಆಂತರಿಕ ರೋಧವನ್ನು ಸೊನ್ನೆ ಎಂದುಕೊಳ್ಳೋಣ. ಕ–ಖ ನಡುವೆ 2 ಓಮ್, ಖ–ಘ ನಡುವೆ 3 ಓಮ್, ಕ–ಗ ನಡುವೆ 8 ಓಮ್, ಗ–ಘ ನಡುವೆ 2 ಓಮ್, ಮತ್ತು ಅಡ್ಡಲಾಗಿ ಖ–ಗ ನಡುವೆ 2 ಓಮ್ ರೋಧಕಗಳಿವೆ. ಇದು ವೀಟ್‌ಸ್ಟನ್ ಸೇತುವೆಯ ಆಕಾರ. 1833ರಲ್ಲಿ ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ ವಿವರಿಸಿದ ಈ ಜೋಡಣೆಯನ್ನು 1843ರಲ್ಲಿ ಚಾರ್ಲ್ಸ್ ವೀಟ್‌ಸ್ಟನ್ ಪ್ರಚಾರಕ್ಕೆ ತಂದರು, ಹೆಸರು ಮಾತ್ರ ಪ್ರಚಾರಕ್ಕೆ ತಂದವರದೇ ಉಳಿಯಿತು. ಪಠ್ಯದಲ್ಲಿ ಸಾಮಾನ್ಯವಾಗಿ ಬರುವುದು ಸಮತೋಲದ ಸ್ಥಿತಿ, ಅಂದರೆ ಎರಡೂ ಕಡೆಯ ರೋಧಗಳ ಅನುಪಾತ ಸಮವಾಗಿರುವುದು. ಅಲ್ಲಿ ಅಡ್ಡ ರೋಧಕದಲ್ಲಿ ಪ್ರವಾಹವೇ ಇರುವುದಿಲ್ಲವಾದ್ದರಿಂದ ಅದನ್ನು ತೆಗೆದುಹಾಕಿ ಸರಣಿ, ಸಮಾಂತರ ಸೂತ್ರಗಳಿಂದ ಮುಗಿಸಬಹುದು. ನಮ್ಮ ಮಂಡಲದಲ್ಲಿ ಒಂದು ಕಡೆಯ ಅನುಪಾತ 2/3, ಇನ್ನೊಂದು ಕಡೆಯದು 8/2, ಆದ್ದರಿಂದ ಸಮತೋಲವಿಲ್ಲ. ಯಾವ ಎರಡು ರೋಧಕಗಳೂ ಸರಣಿಯಲ್ಲಾಗಲಿ ಸಮಾಂತರದಲ್ಲಾಗಲಿ ಇಲ್ಲದ ಕಾರಣ ಆ ಸೂತ್ರಗಳು ಇಲ್ಲಿ ಕೆಲಸಕ್ಕೆ ಬಾರವು.

ಹೆಚ್ಚಿನವರು ಹಿಡಿಯುವ ದಾರಿಯೆಂದರೆ ಪ್ರತಿ ಶಾಖೆಯ, ಅಂದರೆ ಎರಡು ಸಂಧಿಗಳ ನಡುವಿನ ದಾರಿಯ, ಪ್ರವಾಹಕ್ಕೂ ಒಂದೊಂದು ಅಕ್ಷರ ಕೊಡುವುದು. ಬ್ಯಾಟರಿಯದೂ ಸೇರಿ ಆರು ಶಾಖೆಗಳು, ಹಾಗಾಗಿ ಆರು ಅಜ್ಞಾತಗಳು. ನಾಲ್ಕು ಸಂಧಿಗಳಿಗೆ ನಾಲ್ಕು ಸಮೀಕರಣ ಬರೆಯಬಹುದಾದರೂ ಉಳಿದ ಮೂರನ್ನು ಕೂಡಿದರೆ ನಾಲ್ಕನೆಯದು ತಾನಾಗಿಯೇ ಸಿಗುವುದರಿಂದ ಮೂರು ಮಾತ್ರ ಸ್ವತಂತ್ರ. ಮಿಕ್ಕ ಮೂರನ್ನು ಲೂಪ್‌ಗಳಿಂದ ಪಡೆಯಬೇಕು. ಆದರೆ ಈ ಚಿತ್ರದಲ್ಲಿ ಮೂರಕ್ಕಿಂತ ಹೆಚ್ಚು ಲೂಪ್‌ಗಳು ಕಾಣುತ್ತವೆ. ಯಾವ ಮೂರನ್ನು ಆರಿಸಬೇಕೆಂದು ತಿಳಿಯದೆ, ಒಂದೇ ಮಾಹಿತಿಯನ್ನು ಬೇರೆ ರೂಪದಲ್ಲಿ ಎರಡು ಸಲ ಬರೆದು, ಕೊನೆಗೆ 0 = 0 ಎಂಬಲ್ಲಿಗೆ ತಲುಪುವವರು ಕಡಿಮೆಯಿಲ್ಲ. ಗುಸ್ಟಾವ್ ಕಿರ್ಚಾಫ್ ತಮ್ಮ ನಿಯಮಗಳನ್ನು 1845ರಲ್ಲಿ, ಕೋನಿಗ್ಸ್‌ಬರ್ಗ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಪ್ರಕಟಿಸಿದ್ದರು. ಈ ಎಣಿಕೆಯ ತೊಡಕನ್ನು 1847ರಲ್ಲಿ ಬಿಡಿಸಿದವರೂ ಅವರೇ: ಶಾಖೆಗಳ ಸಂಖ್ಯೆಯಿಂದ ಸಂಧಿಗಳ ಸಂಖ್ಯೆಯನ್ನು ಕಳೆದು ಒಂದನ್ನು ಕೂಡಿಸಿದರೆ ಸ್ವತಂತ್ರ ಲೂಪ್‌ಗಳ ಸಂಖ್ಯೆ ದೊರೆಯುತ್ತದೆ. ಇಲ್ಲಿ 6 − 4 + 1 = 3.

ಆರು ಸಮೀಕರಣಗಳನ್ನು ಕೈಯಿಂದ ಬಿಡಿಸುವುದು ಸಾಧ್ಯವಿದ್ದರೂ ಅದರ ಅಗತ್ಯವಿಲ್ಲ. ಪ್ರವಾಹಗಳ ಬದಲು ಸಂಧಿಗಳ ವಿಭವವನ್ನೇ ಅಜ್ಞಾತವೆಂದು ಹಿಡಿಯೋಣ. ಘ ಸಂಧಿಯ ವಿಭವವನ್ನು ಸೊನ್ನೆ ಎಂದಿಟ್ಟರೆ ಬ್ಯಾಟರಿಯ ದೆಸೆಯಿಂದ ಕ ಸಂಧಿಯ ವಿಭವ 12 ವೋಲ್ಟ್ ಎಂದು ನಿಶ್ಚಯವಾಗುತ್ತದೆ. ಉಳಿಯುವುದು ಖ ಮತ್ತು ಗ ಎರಡೇ. ಅವುಗಳ ವಿಭವವನ್ನು ಕ್ರಮವಾಗಿ ಯ ಮತ್ತು ವ ಎನ್ನೋಣ. ಆರು ಅಜ್ಞಾತಗಳಿದ್ದ ಕಡೆ ಎರಡಾದವು. ಲೂಪ್ ನಿಯಮ ಎಲ್ಲಿ ಹೋಯಿತು ಎಂದು ಕೇಳಬಹುದು. ಬೆಟ್ಟದ ಮೇಲಿನ ಒಂದು ಜಾಗಕ್ಕೆ ಯಾವ ದಾರಿಯಿಂದ ಹತ್ತಿದರೂ ಎತ್ತರ ಒಂದೇ ಇರುವಂತೆ, ಪ್ರತಿ ಸಂಧಿಗೂ ಒಂದೇ ವಿಭವವೆಂದು ಒಪ್ಪಿದ ಕ್ಷಣದಲ್ಲೇ ಎಲ್ಲ ಲೂಪ್‌ಗಳ ನಿಯಮವೂ ಪಾಲನೆಯಾಗಿಬಿಟ್ಟಿರುತ್ತದೆ. ಬರೆಯಬೇಕಾದದ್ದು ಸಂಧಿ ನಿಯಮ ಮಾತ್ರ.

ಖ ಸಂಧಿಯಲ್ಲಿ (12 − ಯ)/2 = ಯ/3 + (ಯ − ವ)/2. ಛೇದಗಳನ್ನು ತೆಗೆದರೆ 8ಯ − 3ವ = 36.

ಗ ಸಂಧಿಯಲ್ಲಿ (12 − ವ)/8 + (ಯ − ವ)/2 = ವ/2. ಇದರಿಂದ 9ವ − 4ಯ = 12.

ಇವೆರಡನ್ನು ಬಿಡಿಸಿದರೆ ಯ = 6 ವೋಲ್ಟ್, ವ = 4 ವೋಲ್ಟ್. ಇನ್ನು ಓಮ್ ನಿಯಮವೊಂದೇ ಸಾಕು. ಕ–ಖ ಶಾಖೆಯಲ್ಲಿ 3 ಆಂಪಿಯರ್, ಖ–ಘದಲ್ಲಿ 2, ಕ–ಗದಲ್ಲಿ 1, ಗ–ಘದಲ್ಲಿ 2, ಅಡ್ಡ ರೋಧಕದಲ್ಲಿ ಖದಿಂದ ಗ ಕಡೆಗೆ 1 ಆಂಪಿಯರ್. ಬ್ಯಾಟರಿ ಕೊಡುವುದು 4 ಆಂಪಿಯರ್. ಆದ್ದರಿಂದ ಇಡೀ ಜಾಲದ ಸಮಾನ ರೋಧ 3 ಓಮ್.

ಪ್ರವಾಹದ ದಿಕ್ಕಿನ ಬಗ್ಗೆ ಅನಗತ್ಯವಾದ ಅಂಜಿಕೆ ಇದೆ. ಅಡ್ಡ ರೋಧಕದಲ್ಲಿ ಪ್ರವಾಹ ಗದಿಂದ ಖ ಕಡೆಗೆ ಹರಿಯುತ್ತದೆಂದು ಊಹಿಸಿದ್ದರೆ ಉತ್ತರ −1 ಎಂದು ಬರುತ್ತಿತ್ತು, ಅಷ್ಟೇ. ಋಣ ಚಿಹ್ನೆ ಬಂದೊಡನೆ ಎಲ್ಲೋ ತಪ್ಪಾಗಿದೆಯೆಂದು ಹಾಳೆ ಹರಿಯುವುದು ಬೇಡ. ಲೆಕ್ಕದ ನಡುವೆ ಬಾಣದ ದಿಕ್ಕನ್ನು ತಿದ್ದುವುದು ಮಾತ್ರ ನಿಜಕ್ಕೂ ಅಪಾಯ, ಏಕೆಂದರೆ ಅದುವರೆಗೆ ಬರೆದ ಸಮೀಕರಣಗಳು ಹಳೆಯ ಬಾಣವನ್ನೇ ನಂಬಿರುತ್ತವೆ.

ಅಡ್ಡ ರೋಧಕದ ಪ್ರವಾಹವಷ್ಟೇ ಬೇಕಿದ್ದರೆ, ಅಥವಾ ಅದರ ಬೆಲೆಯನ್ನು ಮತ್ತೆ ಮತ್ತೆ ಬದಲಿಸಿ ನೋಡಬೇಕಿದ್ದರೆ, 1883ರಲ್ಲಿ ಲಿಯೋನ್ ಥೆವೆನಿನ್ ಪ್ರಕಟಿಸಿದ ಪ್ರಮೇಯ ಇನ್ನೂ ಸಲೀಸು: ಎರಡು ಸಂಧಿಗಳಿಂದ ನೋಡಿದಾಗ ಉಳಿದ ಜಾಲವನ್ನೆಲ್ಲ ಒಂದು ಬ್ಯಾಟರಿ ಮತ್ತು ಅದರೊಡನೆ ಸರಣಿಯಲ್ಲಿರುವ ಒಂದು ರೋಧಕವೆಂದು ಎಣಿಸಬಹುದು. ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1853ರಲ್ಲೇ ಇದನ್ನು ಹೇಳಿದ್ದರೆಂಬುದು ಬೇರೆ ಮಾತು. ಅಡ್ಡ ರೋಧಕವನ್ನು ಬಿಚ್ಚಿಟ್ಟಾಗ ಖ ಸಂಧಿಯ ವಿಭವ 7.2 ವೋಲ್ಟ್, ಗ ಸಂಧಿಯದು 2.4 ವೋಲ್ಟ್, ವ್ಯತ್ಯಾಸ 4.8 ವೋಲ್ಟ್. ಬ್ಯಾಟರಿಯ ಜಾಗದಲ್ಲಿ ಬರಿಯ ತಂತಿಯನ್ನಿಟ್ಟು ಆ ಎರಡು ಸಂಧಿಗಳಿಂದ ಒಳಗೆ ನೋಡಿದರೆ ಕಾಣುವ ರೋಧ 1.2 + 1.6 = 2.8 ಓಮ್. ಈಗ 4.8 ಅನ್ನು (2.8 + 2) ರಿಂದ ಭಾಗಿಸಿದರೆ ಅದೇ 1 ಆಂಪಿಯರ್. ಅಡ್ಡ ರೋಧಕ 9.2 ಓಮ್ ಆದರೆ ಪ್ರವಾಹ 0.4 ಆಂಪಿಯರ್ ಎಂದು ಬಾಯಿಲೆಕ್ಕದಲ್ಲೇ ಹೇಳಬಹುದು.

ಸಂಧಿ ವಿಭವದ ಕ್ರಮಕ್ಕೂ ಒಂದು ತೊಡಕುಂಟು. ಬ್ಯಾಟರಿಯೊಂದು ಎರಡು ಅಜ್ಞಾತ ಸಂಧಿಗಳ ನಡುವೆ ಕುಳಿತಿದ್ದರೆ ಅದರ ಪ್ರವಾಹವನ್ನು ಓಮ್ ನಿಯಮದಿಂದ ಬರೆಯಲು ಬರುವುದಿಲ್ಲ; ಆಗ ಆ ಪ್ರವಾಹವನ್ನೂ ಅಜ್ಞಾತಗಳ ಪಟ್ಟಿಗೆ ಸೇರಿಸಿ, ಎರಡು ವಿಭವಗಳ ವ್ಯತ್ಯಾಸವನ್ನು ಹೆಚ್ಚುವರಿ ಸಮೀಕರಣವಾಗಿ ಬರೆಯಬೇಕು. ಮಂಡಲಗಳನ್ನು ಬಿಡಿಸುವ ಸ್ಪೈಸ್ ಬಗೆಯ ತಂತ್ರಾಂಶಗಳು ಇಂದಿಗೂ ಮಾಡುವುದು ಇದನ್ನೇ.

ಉತ್ತರವನ್ನು ತಾಳೆ ನೋಡಲು ನಾನು ಶಕ್ತಿಯ ಲೆಕ್ಕವನ್ನು ಬಳಸುತ್ತೇನೆ. ಬ್ಯಾಟರಿ ಕೊಡುವುದು 12 × 4 = 48 ವ್ಯಾಟ್; ರೋಧಕಗಳು ಬಳಸುವುದು 18 + 12 + 8 + 8 + 2, ಅದೂ 48. ಸಮೀಕರಣ ಬಿಡಿಸುವಾಗಿನ ಎಡವಟ್ಟುಗಳು ಬಹುಪಾಲು ಇಲ್ಲಿ ಸಿಕ್ಕಿಬೀಳುತ್ತವೆ. ಆದರೆ ಪ್ರಶ್ನೆಪತ್ರಿಕೆಯ 8 ಓಮ್ ಅನ್ನು 3 ಎಂದು ಬರೆದುಕೊಂಡಿದ್ದರೆ, ಹಾಗೆ ಬರೆದುಕೊಂಡ ಮಂಡಲದ ಶಕ್ತಿಯ ಲೆಕ್ಕವೂ ಅಷ್ಟೇ ಚೊಕ್ಕಟವಾಗಿ ತಾಳೆಯಾಗುತ್ತದೆ. ಅದಕ್ಕೆ ಚಿತ್ರವನ್ನು ಇನ್ನೊಮ್ಮೆ ನೋಡುವುದೊಂದೇ ಉಪಾಯ.