ಬುಲೆಟಿನ್‌ನಲ್ಲಿ ಬಿಟ್ಟುಹೋದ ಒಂದು ಸಾಲು

ಆ ಫೋನ್ ಬಂದಾಗ ಬೆಳಿಗ್ಗೆ 8 ಗಂಟೆಯೂ ಆಗಿರಲಿಲ್ಲ.

ಕೋವಿಡ್ ಜೋರಾಗಿದ್ದ ಸಮಯ. ನಾನು ಆಗ ಆರೋಗ್ಯ ಇಲಾಖೆಯೊಂದರ ಮಾಹಿತಿ ವಿಭಾಗದಲ್ಲಿದ್ದೆ. ದಿನಾ ಸಂಜೆ ಹೊರಡುವ ಬುಲೆಟಿನ್ ಬರೆಯುವುದು ನನ್ನ ಕೆಲಸ. ಹೊಸ ಪಾಸಿಟಿವ್ ಎಷ್ಟು, ಗುಣವಾಗಿ ಮನೆಗೆ ಹೋದವರೆಷ್ಟು, ತೀರಿಕೊಂಡವರೆಷ್ಟು, ಜನ ಏನು ಮಾಡಬೇಕು, ಎಲ್ಲಾ ಎರಡು ಪುಟದಲ್ಲಿ ಮುಗಿಯಬೇಕು. ಸಹಾಯವಾಣಿಯಲ್ಲಿ ಸಿಬ್ಬಂದಿ ಸಾಲದಿದ್ದಾಗ ಫೋನನ್ನೂ ನಾವೇ ಎತ್ತುತ್ತಿದ್ದೆವು.

ಆ ಕಡೆ ಒಬ್ಬ ಹೆಂಗಸು. ಗಂಡ ಆಸ್ಪತ್ರೆ ಸೇರಿ ನಾಲ್ಕು ದಿನ ಆಗಿತ್ತು. ಆಕ್ಸಿಜನ್ ಕೊಡುತ್ತಿದ್ದರು. ಆಕೆ ಅಳುತ್ತಿರಲಿಲ್ಲ. ಮೆಲ್ಲಗೆ ಕೇಳಿದರು: "ಸಾರ್, ನಿನ್ನೆ ಒಂದೇ ದಿನಕ್ಕೆ ಅಷ್ಟೊಂದು ಜನ ಹೋಗಿದ್ದಾರಂತೆ. ಅವರನ್ನ ಅಲ್ಲೇ ಬಿಡಲಾ, ಮನೆಗೆ ಕರ್ಕೊಂಡು ಬರಲಾ?"

ಆ ಸಂಖ್ಯೆಯನ್ನು ಟೈಪ್ ಮಾಡಿದ್ದು ನಾನೇ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅಷ್ಟೂ ಸಾವು ಹಿಂದಿನ ದಿನ ಆದದ್ದಲ್ಲ. ಕೆಲವು ಆಸ್ಪತ್ರೆಗಳಿಂದ ಎರಡು ಮೂರು ವಾರದ ಹಳೇ ವರದಿಗಳು ಒಟ್ಟಿಗೆ ಬಂದಿದ್ದವು. ಪರಿಶೀಲನೆ ಮುಗಿದ ದಿನ ಎಲ್ಲವೂ ಒಂದೇ ಬುಲೆಟಿನ್ ಸೇರಿದವು. ಇದು ನನಗೂ ಗೊತ್ತಿತ್ತು, ನನ್ನ ಮೇಲಿನವರಿಗೂ ಗೊತ್ತಿತ್ತು. ನಮಗೆಲ್ಲ ಗೊತ್ತಿದ್ದರಿಂದಲೇ ಅದನ್ನು ಬರೆಯಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಆಕೆಗೆ ಇದನ್ನೆಲ್ಲ ವಿವರಿಸಿದೆ. ಅವರನ್ನು ಆಸ್ಪತ್ರೆಯಿಂದ ದಯವಿಟ್ಟು ಬಿಡಿಸಿಕೊಂಡು ಬರಬೇಡಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಾಗಂತ ಬರೀಬೇಕಿತ್ತು ಅಲ್ವಾ ಸಾರ್?" ಅಂದರು. ಆ ಮಾತಲ್ಲಿ ಕೋಪ ಇರಲಿಲ್ಲ.

ಅವತ್ತು ಸಂಜೆ ಬುಲೆಟಿನ್‌ಗೆ ಒಂದು ಸಾಲು ಸೇರಿಸಿದೆ: "ಇಂದು ಸೇರಿಸಿದ ಸಾವುಗಳಲ್ಲಿ ಹಿಂದಿನ ವಾರಗಳಲ್ಲಿ ಆದವು ಎಷ್ಟು, ನಿನ್ನೆಯಿಂದ ಇಂದಿನವರೆಗೆ ಆದವು ಎಷ್ಟು." ಎರಡು ಅಂಕಿ, ಅಷ್ಟೇ. ಬರೆಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಮೊದಲೇ ಇದ್ದಿದ್ದರೆ ಆಕೆ ಆ ರಾತ್ರಿ ನಿದ್ದೆ ಕೆಡಬೇಕಿರಲಿಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಮೊದಲು ಹೇಳುವುದು ತಾರೀಖಿನ ವಿಷಯ. ಒಂದು ಪಾಸಿಟಿವ್ ಕೇಸಿನ ಹಿಂದೆ ನಾಲ್ಕು ತಾರೀಖು ಇರುತ್ತವೆ. ಜ್ವರ ಶುರುವಾದ ದಿನ, ಗಂಟಲಿನ ಸ್ವ್ಯಾಬ್ ತೆಗೆದ ದಿನ, ಲ್ಯಾಬಿನಿಂದ ಫಲಿತಾಂಶ ಬಂದ ದಿನ, ನಮ್ಮ ಪಟ್ಟಿಗೆ ಹತ್ತಿದ ದಿನ. ಸೋಂಕು ತಗಲಿದ್ದು ಇದೆಲ್ಲಕ್ಕಿಂತ ಮುಂಚೆ. ಮೊದಮೊದಲು ಬಂದ ವೈರಸ್‌ನಲ್ಲಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ 5-6 ದಿನ, ಕೆಲವರಿಗೆ 14 ದಿನದವರೆಗೂ ಬೇಕಾಗುತ್ತಿತ್ತು. ಅಂದರೆ "ಇಂದಿನ ಹೊಸ ಪ್ರಕರಣ" ಅಂತ ನಾವು ಬರೆಯುವುದು ಒಂದೆರಡು ವಾರದ ಹಿಂದಿನ ಕಥೆ. ಓದುವವರಿಗೆ ಅದು ಇವತ್ತು ಬೆಳಿಗ್ಗೆಯದು ಅನಿಸುತ್ತದೆ. ಭಾನುವಾರ ಟೆಸ್ಟ್ ಕಡಿಮೆ ಆಗುತ್ತದೆ, ಅದರ ಬೆನ್ನಿಗೇ ಕೇಸು ಇಳಿಯುತ್ತವೆ. ಜನ ನಿಟ್ಟುಸಿರು ಬಿಡುತ್ತಾರೆ. ವಾರದ ನಡುವೆ ಮತ್ತೆ ಏರುತ್ತದೆ, ಗಾಬರಿಯಾಗುತ್ತಾರೆ. ವೈರಸ್ ಅಷ್ಟರಲ್ಲಿ ಏನೂ ಬದಲಾಗಿರುವುದಿಲ್ಲ. ಅದಕ್ಕೇ 7 ದಿನದ ಸರಾಸರಿ ಪಕ್ಕದಲ್ಲೇ ಇರಬೇಕು. ಎಷ್ಟು ಟೆಸ್ಟ್ ಮಾಡಿದ್ದಕ್ಕೆ ಎಷ್ಟು ಪಾಸಿಟಿವ್ ಅನ್ನುವುದೂ ಇರಬೇಕು. ಟೆಸ್ಟ್ ಎಷ್ಟು ಅಂತ ಹೇಳದೆ ಕೇಸು ಎಷ್ಟು ಅಂತ ಹೇಳಿದರೆ ಅರ್ಧ ಮಾತು ಆಡಿದ ಹಾಗೆ.

ಲೆಕ್ಕ ತಪ್ಪುವುದೂ ಇದೆ. ದೊಡ್ಡ ದೊಡ್ಡ ದೇಶಗಳಲ್ಲೇ ತಪ್ಪಿದೆ. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪಾಸಿಟಿವ್ ಪ್ರಕರಣಗಳು ದಿನದ ಲೆಕ್ಕದಿಂದ ಹೊರಗೇ ಉಳಿದಿದ್ದವು. ಕಾರಣ, ಲ್ಯಾಬಿನ ಮಾಹಿತಿಯನ್ನು ಹಳೇ ಮಾದರಿಯ ಎಕ್ಸೆಲ್ ಫೈಲಿಗೆ ತುಂಬುತ್ತಿದ್ದರು. ಆ ಫೈಲಿನಲ್ಲಿ 65,536 ಸಾಲಿಗಿಂತ ಜಾಸ್ತಿ ಹಿಡಿಸುವುದಿಲ್ಲ. ಮಿಕ್ಕದ್ದು ಬಿದ್ದುಹೋಯಿತು. ಟೆಸ್ಟ್ ಮಾಡಿಸಿಕೊಂಡವರಿಗೆ ಫಲಿತಾಂಶ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕಿ ಎಚ್ಚರಿಸುವ ಕೆಲಸ ತಡವಾಯಿತು. ಈ ಸುದ್ದಿ ಓದಿದ ದಿನ ನಾನು ನಮ್ಮ ಫೈಲುಗಳನ್ನು ತೆರೆದು, ಲ್ಯಾಬ್ ಕಳಿಸಿದ ಸಾಲೆಷ್ಟು, ನಮ್ಮ ಪಟ್ಟಿಯಲ್ಲಿರುವ ಸಾಲೆಷ್ಟು ಅಂತ ಎಣಿಸಲು ಕೂತೆ. ಆಮೇಲೆ ದಿನಾ ಎಣಿಸುವುದು ರೂಢಿಯಾಯಿತು. ಒಂದೊಂದು ಸಾಲೂ ಒಬ್ಬ ಮನುಷ್ಯ.

ಇನ್ನು ಮಾಸ್ಕ್. ಈ ವಿಷಯದಲ್ಲಿ ನಮ್ಮಿಂದ ಆದ ತಪ್ಪು ನನಗೆ ಇವತ್ತಿಗೂ ಜಾಸ್ತಿ ನೋವು ಕೊಡುತ್ತದೆ.

ಶುರುವಿನಲ್ಲಿ, ಆರೋಗ್ಯವಾಗಿರುವವರು ಮಾಸ್ಕ್ ಹಾಕಬೇಕಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತಿತ್ತು. ವೈದ್ಯರಿಗೆ, ನರ್ಸ್‌ಗಳಿಗೇ ಮಾಸ್ಕ್ ಸಾಲುತ್ತಿರಲಿಲ್ಲ. 2020ರ ಜೂನ್ 5ರಂದು ಸಲಹೆ ಬದಲಾಯಿತು. ಸೋಂಕು ಹರಡುತ್ತಿರುವ ಕಡೆ, ಅಂತರ ಇಟ್ಟುಕೊಳ್ಳಲು ಆಗದ ಜಾಗಗಳಲ್ಲಿ ಸಾರ್ವಜನಿಕರೂ ಬಟ್ಟೆ ಮಾಸ್ಕ್ ಹಾಕುವಂತೆ ಸರ್ಕಾರಗಳು ಹೇಳಬೇಕು ಅಂತಾಯಿತು. ಲಕ್ಷಣ ಕಾಣಿಸುವ ಮುಂಚೆಯೇ ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತದೆ ಅನ್ನುವುದು ಅಷ್ಟು ಹೊತ್ತಿಗೆ ಚೆನ್ನಾಗಿ ಗೊತ್ತಾಗಿತ್ತು.

ನಾವೂ ಬದಲಾಯಿಸಿದ್ದೆವು. ಹೇಗೆ? ಹಳೇ ಪೋಸ್ಟರ್ ತೆಗೆದೆವು, ಹೊಸದು ಹಾಕಿದೆವು. ಹಳೆಯದರ ಬಗ್ಗೆ ಒಂದು ಮಾತಿಲ್ಲ. ಹಿಂದೆ ಹೇಳಿದ್ದನ್ನು ನೆನಪಿಸಿದರೆ ಜನಕ್ಕೆ ಗೊಂದಲ ಆಗುತ್ತದೆ ಅನ್ನುವುದು ನಮ್ಮ ಯೋಚನೆ.

ಮನೆ ಮನೆಗೆ ಹೋಗುತ್ತಿದ್ದ ಆರೋಗ್ಯ ಕಾರ್ಯಕರ್ತೆಯೊಬ್ಬರು ಒಂದು ದಿನ ಕಚೇರಿಗೆ ಬಂದರು. ತಮ್ಮ ಫೋನ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದರಲ್ಲಿ ನಮ್ಮ ಹಳೇ ಪೋಸ್ಟರ್. "ಇದು ಎಲ್ಲರ ಫೋನಲ್ಲೂ ಇದೆ. ಮಾಸ್ಕ್ ಹಾಕಿ ಅಂದ್ರೆ ಇದನ್ನ ನನ್ನ ಮುಖಕ್ಕೆ ಹಿಡೀತಾರೆ. ಅವತ್ತು ಸುಳ್ಳು ಹೇಳಿದ್ರಾ, ಇವತ್ತು ಹೇಳ್ತಿದ್ದೀರಾ ಅಂತಾರೆ. ನಾನೇನು ಹೇಳ್ಲಿ?"

ನಾವು ಕಚೇರಿಯಲ್ಲಿ ಕೂತು ನುಂಗಿದ ಮಾತಿಗೆ ಅವರು ಬಾಗಿಲು ಬಾಗಿಲಲ್ಲಿ ನಿಂತು ಉತ್ತರ ಕೊಡಬೇಕಾಗಿತ್ತು. ಅದೂ ತಮ್ಮ ಜೀವವನ್ನೇ ಪಣಕ್ಕಿಟ್ಟು. ಸಲಹೆ ಬದಲಾದದ್ದು ತಪ್ಪಲ್ಲ. ಹೊಸ ಕಾಯಿಲೆ, ತಿಳಿದ ಹಾಗೆ ಬದಲಾಗಲೇಬೇಕು. ಸದ್ದಿಲ್ಲದೆ ಬದಲಾಯಿಸಿದ್ದು ತಪ್ಪು.

ಆಮೇಲಿಂದ ಬುಲೆಟಿನ್‌ನ ಮೇಲ್ಭಾಗದಲ್ಲಿ ಒಂದು ಚೌಕ ಬಂತು. ತಲೆಬರಹ: "ನಿನ್ನೆಯಿಂದ ಬದಲಾಗಿದ್ದು." ಅದರೊಳಗೆ ಮೂರೇ ಮಾತು. ಮೊದಲು ಏನು ಹೇಳಿದ್ದೆವು, ಈಗ ಏನು ಹೇಳುತ್ತಿದ್ದೇವೆ, ಯಾಕೆ. ಇದಕ್ಕೆ ಒಪ್ಪಿಗೆ ಸುಲಭವಾಗಿ ಸಿಗಲಿಲ್ಲ. ತಪ್ಪನ್ನು ನಾವೇ ತೋರಿಸಿಕೊಟ್ಟ ಹಾಗಾಗುತ್ತದೆ ಅಂದರು. ನಾನು ಆ ಕಾರ್ಯಕರ್ತೆಯನ್ನೇ ಸಭೆಗೆ ಕರೆಸಿದೆ. ಅವರು ಬಾಗಿಲಲ್ಲಿ ಕೇಳಿಸಿಕೊಂಡಿದ್ದನ್ನು ಹಾಗೆ ಹಾಗೇ ಹೇಳಿದರು. ಮತ್ತೆ ಯಾರೂ ಬೇಡ ಅನ್ನಲಿಲ್ಲ.

ಬೇರೆ ಸಣ್ಣ ಬದಲಾವಣೆಗಳೂ ಆದವು. "ಸಾಮಾಜಿಕ ಅಂತರ" ಬಿಟ್ಟು "ದೈಹಿಕ ಅಂತರ" ಅಂತ ಬರೆದೆವು. ದೂರ ಇರಬೇಕಾದದ್ದು ಮೈ, ಮನಸ್ಸಲ್ಲ. ರೋಗಿಯ ವಯಸ್ಸು, ಬೀದಿ, ಓಡಾಡಿದ ಜಾಗ ಎಲ್ಲಾ ಕೊಡುವುದನ್ನು ನಿಲ್ಲಿಸಿದೆವು. ಅಷ್ಟು ಕೊಟ್ಟರೆ ಹೆಸರು ಬೇಕೇ ಇಲ್ಲ, ಅಕ್ಕಪಕ್ಕದವರು ಪತ್ತೆ ಮಾಡುತ್ತಾರೆ. "ಸೋಂಕಿತರು ಪ್ರತ್ಯೇಕ ಕೋಣೆಯಲ್ಲಿರಿ" ಅಂತ ಬರೆದಾಗ, "ಮನೆಯಲ್ಲಿರೋದೇ ಒಂದು ಕೋಣೆ, ಏನ್ಮಾಡ್ಲಿ?" ಅಂತ ಫೋನುಗಳು ಬಂದವು. ಅವರಿಗಾಗಿ ಬೇರೆ ಸಾಲು ಬರೆದೆವು: ಕಿಟಕಿ ತೆಗೆದಿಡಿ, ಒಳಗೂ ಇಬ್ಬರೂ ಮಾಸ್ಕ್ ಹಾಕಿ, ಮಲಗುವಾಗ ಆದಷ್ಟು ದೂರ ಇರಿ, ಮನೆಯಲ್ಲಿ ವಯಸ್ಸಾದವರಿದ್ದರೆ ನಮಗೆ ಫೋನ್ ಮಾಡಿ, ಬೇರೆ ಜಾಗ ನೋಡೋಣ.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿದಿದೆ ಅಂತ ಘೋಷಿಸಿತು. ಅಷ್ಟರೊಳಗೆ ನಮ್ಮ ದಿನದ ಬುಲೆಟಿನ್ ವಾರಕ್ಕೊಮ್ಮೆ ಆಗಿತ್ತು. ಆಮೇಲೆ ನಾನು ಬೇರೆ ವಿಭಾಗಕ್ಕೆ ಹೋದೆ. ಆ ಬುಲೆಟಿನ್‌ನ ಮಾದರಿಯನ್ನೇ ಈಗ ಬೇರೆ ಜ್ವರಗಳಿಗೂ ಬಳಸುತ್ತಾರೆ.

ನನ್ನ ಜಾಗಕ್ಕೆ ಬಂದ ಹುಡುಗಿಗೆ ಕೆಲಸ ಒಪ್ಪಿಸುವಾಗ ಆಕೆ ಆ ಚೌಕವನ್ನು ತೋರಿಸಿ, "ಏನೂ ಬದಲಾಗದ ದಿನ ಇದನ್ನ ತೆಗೆದುಬಿಡ್ಲಾ ಸಾರ್?" ಅಂತ ಕೇಳಿದಳು.

ಬೇಡ ಅಂದೆ. "ಅವತ್ತು 'ಯಾವ ಬದಲಾವಣೆಯೂ ಇಲ್ಲ' ಅಂತ ಬರಿ. ಯಾರೋ ಅದೊಂದನ್ನೇ ನೋಡೋಕೆ ತೆಗೆದಿರ್ತಾರೆ."